ಕೂಗಿ ಕರೆದವನ ಹಿಂದೆ

ಸಹೃದಯ ವಾಚಕ ಮಹಾಶಯರೇ, ಸಮುದ್ರವನ್ನು ಕಾಣದ ನಮ್ಮ ಸೀಮೆಯಲ್ಲಿ ದಡವೆಂದರೆ ಕಾವೇರಿಯ ದಡವೇ. ಆ ದಡದಗುಂಟ ನಡೆಯಹೋಗಿ, ಮರಳಿನ ಮೇಲೆ ಬಿಡಾರ ಹೂಡಿ, ಅಲ್ಲಿ ಕಂಡುದನ್ನು ಯಥಾವತ್ತಾಗಿ ತಮ್ಮ ಅವಗಾಹನೆಗೆ ತರುವುದಷ್ಟೇ ಈ ಬರಹದ ಉದ್ದೇಶ. ನಂಬುವುದು, ಬಿಡುವುದು ತಮ್ಮ ಚಿತ್ತಕ್ಕೆ ಸೇರಿದ್ದು.

ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಮಾಘಮಾಸ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ರಾಮಾಪುರದಲ್ಲಿ ಇಳಿದು, ಕಾಡಂಚಿನ ದಾರಿಯಲ್ಲಿ ನಡೆದವನಿಗೆ ಹೊತ್ತಿಳಿಯುವಾಗ ಹೊಳೆ ಕಂಡಿತು. ಈಚೆ ಬಿಳಿಯ ಮರಳು. ಆಚೆ, ತಮಿಳುನಾಡಿನ ಕಡೆ, ಗೋಡೆಯಂತೆ ಎದ್ದ ಬಂಡೆ. ನಡುವೆ ನೀರು ಸದ್ದಿಲ್ಲದೆ ಸರಿಯುತ್ತಿತ್ತು. ಹೊಳೆಮತ್ತಿ ಮರವೊಂದಕ್ಕೆ ಟಾರ್ಪಾಲು ಬಿಗಿದು ಅದರಡಿ ಮಲಗಿದೆ. ಮರದ ತುಂಬ ಕಾಗೆಗಳಿದ್ದವು; ಒಂದೂ ಕೂಗುತ್ತಿರಲಿಲ್ಲ. ಮರುದಿನದಿಂದ ಹೊಳೆಯ ಜೊತೆಗೇ ಕೆಳಮುಖವಾಗಿ ನಡೆಯಬೇಕೆಂಬುದು ನನ್ನ ಸಂಕಲ್ಪವಾಗಿತ್ತು.

ಬೆಳಿಗ್ಗೆ ಗಂಜಿ ಕಾಯಿಸುತ್ತಿರುವಾಗ ಬುಟ್ಟಿ ಹೊತ್ತ ನಡುವಯಸ್ಸಿನ ಗಂಡಸೊಬ್ಬನೂ ಅವನ ಹಿಂದೆ ಹೆಂಗಸೊಬ್ಬಳೂ ಬಂದರು. ಅವಳ ಕೈತುಂಬ ಹೊಸ ಹಸಿರು ಬಳೆಗಳಿದ್ದುದರಿಂದ ಮದುವೆ ಮನೆಯವರೆಂದೇ ಭಾವಿಸಿದೆ.

"ಯಾರ್ ಸಾ ನೀವು? ಪಾರೆಸ್ಟಿನೋರಾ?" ಎಂದು ಆತ ಕೇಳಿದ.

"ಅಲ್ಲ. ಸುಮ್ಮನೆ ನಡೆಯಲು ಬಂದವನು."

"ಸುಮ್ಕೆ ನಡ್ಯಾಕಾ? ನಮ್ಮೂರ್ಗೆ ಬಸ್ಸಿಲ್ಲ, ಅದ್ಕೆ ನಾವು ನಡಿತೀವಿ. ನಿಮ್ಗೇನ್ ಬಂದಿತ್ತು ಸಾ ಕೇಡು? ಮನೇಲಿ ಯಾರೂ ಕೇಳೋರಿಲ್ವಾ?"

ಇಲ್ಲವೆಂದೆ. ಅವನ ನಗು ಅಲ್ಲಿಗೇ ನಿಂತಿತು. ಆತ ದೊಡ್ಡಮಾದಪ್ಪ, ಅವಳು ಅವನ ತಮ್ಮನ ಹೆಂಡತಿ ಶಿವಮ್ಮ. ತಮ್ಮ ಮೀನು ಹಿಡಿಯುವವನು. ಕಾರ್ತಿಕದ ಪ್ರವಾಹದಲ್ಲಿ ಅವನ ತೆಪ್ಪ ಮಗುಚಿತ್ತು. ತೆಪ್ಪ ಸಿಕ್ಕಿತು, ದೇಹ ಸಿಗಲಿಲ್ಲ. ಇಂದು ಅವನಿಗೆ ಎಡೆ ಇಡುವ ದಿನ. ಕಾಗೆ ಬಂದು ಎಡೆ ಮುಟ್ಟಿದರೆ ಸತ್ತವನು ಒಪ್ಪಿಕೊಂಡನೆಂದು ಅರ್ಥ. ಆಮೇಲೆ ಇಲ್ಲಿಯೇ ಶಿವಮ್ಮನ ಬಳೆ ಒಡೆಯಬೇಕು. ಅದಕ್ಕಾಗಿ ಊರಿನ ಮುದುಕಿಯರು ಈಚೆ ದಡದಲ್ಲೇ ದೂರದ ಬಂಡೆಯೊಂದರ ಮರೆಯಲ್ಲಿ ಕಾದು ಕುಳಿತಿದ್ದರು.

ಮರದ ಬುಡದಲ್ಲಿ ಎಲೆ ಹಾಸಿ, ಮುದ್ದೆ, ಮೀನಿನ ಸಾರು, ಒಂದು ಕಟ್ಟು ಬೀಡಿ ಇಟ್ಟರು. ಕಾಗೆಗಳು ಕದಲಲಿಲ್ಲ. ದೊಡ್ಡಮಾದಪ್ಪ ಕೈಮುಗಿದು ಮೇಲೆ ನೋಡಿದ.

"ಬಾರಪ್ಪಾ ನನ್ ತಮ್ಮಾ. ನಿನ್ ಬಲೆ ಯಾರ್ಗೂ ಕೊಡಕಿಲ್ಲ. ನಿನ್ನೆಂಡ್ರುನ್ನ ನನ್ ಮಗಳಂಗೆ ನೋಡ್ಕತೀನಿ. ಇನ್ನೇನ್ಲಾ ಬೇಕು? ಬದುಕಿದ್ದಾಗ್ಲೂ ಉಣ್ಣಾಕೆ ಒಂದ್ಸಲಕ್ಕೆ ಬತ್ತಿರ್ನಿಲ್ಲ, ಈಗ್ಲೂ ಅದೇ ಬುದ್ಧೀನಾ?"

ಜನರಿದ್ದರೆ ಕಾಗೆ ಇಳಿಯದೆಂದು ಹೇಳಿ, ಅವನು ಮುದುಕಿಯರಿದ್ದ ಬಂಡೆಯ ಕಡೆಗೆ ಹೋದ. ಶಿವಮ್ಮ ಎಲೆಯಿಂದ ತುಸು ದೂರ ಮರಳಿನ ಮೇಲೆ ಕುಳಿತಳು. ನಾನು ಟಾರ್ಪಾಲಿನ ನೆರಳಿಗೆ ಸರಿದೆ.

ಒಂದು ಕಾಗೆ ಇಳಿಯಿತು. ತಕ್ಷಣವೇ ಎಲೆಯ ಪಕ್ಕದಲ್ಲಿ ಒಂದು ಕಲ್ಲು ಬಿತ್ತು, ಕಾಗೆ ಹಾರಿಹೋಯಿತು. ಮತ್ತೊಂದು ಇಳಿಯಿತು. ಮತ್ತೊಂದು ಕಲ್ಲು. ಶಿವಮ್ಮನ ಸೆರಗಿನ ಮಡಿಲಿನಲ್ಲಿ ಹೊಳೆಯ ಕಲ್ಲುಗಳಿದ್ದವು.

"ಭಾವಂಗೆ ಏಳ್ಬ್ಯಾಡಿ ಸಾ," ಎಂದಳು. "ಅವ್ರು ಈಜು ಬಲ್ಲೋರು. ಆ ದಡ ಸೇರ್ಕಂಡಿದ್ರೆ? ಬದುಕಿರೋರ್ನ ನಾನೇ ಎಡೆ ಇಟ್ಟು ಸಾಯ್ಸುದಂಗಾಗಕಿಲ್ವಾ?"

ಅವಳು ಆಚೆಯ ದಡದ ಕಡೆ ಕೈ ತೋರಿದಳು.

"ನೀವೇ ಒಂದ್ಸಲ ಕೂಗಿ. ನಾನು ಎಸ್ರು ಏಳಂಗಿಲ್ಲ. ನಮ್ಮೋರು ಕೂಗಕಿಲ್ಲ, ಒಳೆ ಪಾಲಾದೋರ್ನ ಎಸ್ರಿಡ್ದು ಕರುದ್ರೆ ಕರ್ದೋರ ಹಿಂದೇನೇ ಬತ್ತಾರೆ ಅಂತ ಎದ್ರಿಕೆ. ಅವ್ರು ಎಂಗೆ ಗೊತ್ತಾ ಸಾ, ಕೂಗುದ್ರೆ ಎಷ್ಟು ದೂರ ಇದ್ರೂ 'ಓ' ಅಂತಿದ್ರು. ಬರಾದು ಮಾತ್ರ ಸಂಜೆಗೆ."

"ಹೆಸರೇನು?"

"ಬೆಟ್ಟದಯ್ಯನ ಎಸ್ರೇಯ. ಅದ್ಕೇ ನಾನು ದೇವ್ರುನ್ನೂ ಬೆಟ್ಟದಯ್ಯ ಅಂತ್ಲೇ ಅನ್ನಾದು."

"ಮಹದೇವುವೇ?" ಎಂದೆ. ತಲೆಯಾಡಿಸಿದಳು.

ನೀರಿನಂಚಿಗೆ ಹೋಗಿ, ಕೈಗಳನ್ನು ಬಾಯಿಗೆ ಹಿಡಿದು ಕೂಗಿದೆ. ಆಚೆಯ ಬಂಡೆ ಆ ಹೆಸರನ್ನು ಹಾಗೆಯೇ ಹಿಂದಿರುಗಿಸಿತು. ಎರಡನೆಯ ಸಲವೂ ಹಿಂದಿರುಗಿಸಿತು. ಮೂರನೆಯ ಸಲ, ಅದೇ ದನಿಯಲ್ಲಿ, ಅದೇ ಜಾಗದಿಂದ ಕೂಗಿದೆ. ಹಿಂದಿರುಗಲಿಲ್ಲ. ಗಾಳಿ ಬದಲಾಗಿರಲಿಲ್ಲ, ನೀರು ಅದೇ ಮೆಲುಗತಿಯಲ್ಲಿತ್ತು. ನಾನು ಕಳುಹಿಸಿದ ಹೆಸರನ್ನು ಯಾರೋ ಅಲ್ಲಿ ಕೈಯೊಡ್ಡಿ ತೆಗೆದುಕೊಂಡು ತಮ್ಮ ಬಳಿಯೇ ಇಟ್ಟುಕೊಂಡಂತೆ ನಿಶ್ಶಬ್ದವಾಯಿತು.

"ಬದುಕಿದ್ರೆ 'ಓ' ಅಂತಿದ್ರು," ಎಂದಳು ಶಿವಮ್ಮ. "ಕೇಳುಸ್ಕಂಡ್ರು. ಸುಮ್ಕಾದ್ರು."

ಅವಳು ಎದ್ದು ನಿಂತಳು. ಮಡಿಲಿನ ಕಲ್ಲುಗಳು ಮರಳಿಗೆ ಉದುರಿದವು. ಕಾಗೆಯೊಂದು ಇಳಿದು, ನಡೆದು ಬಂದು, ಮೀನಿನ ತುಂಡನ್ನು ಎಳೆಯಿತು. ಉಳಿದವು ಒಂದೊಂದಾಗಿ ಇಳಿದವು. ಅವಳು ನೋಡುತ್ತಲೇ ಇದ್ದಳು. ಬಳಿಕ ತಾನೇ ದನಿಯೆತ್ತಿ, "ಭಾವಾ, ಮುಟ್ತು," ಎಂದಳು.

ದೊಡ್ಡಮಾದಪ್ಪ ಓಡಿ ಬಂದವನು ಕಾಗೆಗಳನ್ನಲ್ಲ, ನನ್ನನ್ನು ನೋಡಿದ.

"ಕೂಗ್ದೋರು ನೀವಾ ಸಾ?"

"ಹೌದು."

"ಓದ್ದೋರಂಗೆ ಕಾಣ್ತೀರಿ, ಬುದ್ಧಿ ಬ್ಯಾಡ್ವಾ? ಇವತ್ತಿಲ್ಲಿ ಮಲಿಕಬ್ಯಾಡಿ. ನೀರು ಬುಟ್ಟು ಮೇಲಕ್ಕೋಗಿ. ಹಿಂದುಕ್ ಮಾತ್ರ ತಿರುಗಿ ನೋಡ್ಬ್ಯಾಡಿ."

ಅವನ ಜೊತೆ ಹೊರಟ ಶಿವಮ್ಮ ನನ್ನೆದುರು ನಿಂತಳು. "ಬಂದ್ರೆ ಅಟ್ಟಬ್ಯಾಡಿ ಸಾ. ಈ ಒಳೆ ಬುಟ್ಟು ಒಂದೂರ್ನೂ ಕಂಡೋರಲ್ಲ ಅವ್ರು. ನೀವೆಂಗೂ ತಿರುಗ್ತೀರಿ. ಉಣ್ಣಾಗ ಒಂದ್ ತುತ್ತು ಎತ್ತಿಡಿ, ಸಾಕು."

ಬಂಡೆಯ ಮರೆಯಿಂದ ಬಳೆಗಳು ಒಡೆಯುವ ಸದ್ದು ಬಂತು. ಅಳು ಕೇಳಿಸಲಿಲ್ಲ.

ನಾನು ಒಲೆಗೆ ಮರಳು ಸುರಿದು, ಪಾತ್ರೆ ಕಟ್ಟಿ, ಟಾರ್ಪಾಲು ಬಿಚ್ಚಿದೆ. ರಾತ್ರಿ ಮಲಗಿದ್ದ ಕಡೆ ನನ್ನ ಮೈಯ ಗುರುತು ಒಣಮರಳಿನಲ್ಲಿ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ, ಆಳುದ್ದಕ್ಕೆ, ಮರಳು ಒದ್ದೆಯಾಗಿತ್ತು. ಬೆಳಿಗ್ಗೆ ಏಳುವಾಗ ಆ ಒದ್ದೆ ಇರಲಿಲ್ಲ.

ಚೀಲ ಹೆಗಲಿಗೇರಿಸಿ, ಹೊಳೆಗೆ ಬೆನ್ನುಮಾಡಿ ಮೇಲಕ್ಕೆ ಹೊರಟೆ. ಕಾಡಿನೊಳಗೆ ಎತ್ತಿನ ಗಾಡಿಯ ಗಾಲಿಗಳು ಕೊರೆದ ಎರಡು ಜಾಡುಗಳು ಸಾಲಾಗಿ ಸಾಗಿದ್ದವು. ತುಸು ಹೊತ್ತು ನಿಂತು, ಹಿಂದಿರುಗಿ ನೋಡದೆ, ಬಲಗಡೆಯ ಜಾಡನ್ನು ಹಿಂದೆ ಬರುವವನಿಗೆ ಬಿಟ್ಟುಕೊಟ್ಟು ಎಡಗಡೆಯದರಲ್ಲಿ ನಡೆಯತೊಡಗಿದೆ.