ತಣ್ಣಗಿದ್ದ ಗುಡ್ಡ

"ಅಮ್ಮಾ, ಇದು ನಿಮ್ದೇ ಅಲ್ವಾ?" ಎಂದು ಫೌಸ್ತಿನೊ ಹಗ್ಗದ ತುದಿಯನ್ನು ಮುಂದಕ್ಕೆ ಚಾಚಿದ.

ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಕೆಂಪು ಕರು ನಿಂತಿತ್ತು. ಅದರ ಕಿವಿಗಳ ಅಂಚು ಸುಟ್ಟು ಸುರುಟಿಕೊಂಡಿತ್ತು, ಕಣ್ಣರೆಪ್ಪೆಯ ಕೂದಲು ಒಂದೂ ಉಳಿದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ವರ್ನಾ ಕರುವನ್ನು ನೋಡಿದಳು, ಹಗ್ಗವನ್ನು ನೋಡಿದಳು, ಹಗ್ಗ ಹಿಡಿದವನ ಮುಖವನ್ನು ಮಾತ್ರ ನೋಡಲಿಲ್ಲ.

"ಹಳ್ಳದ ಕೆಸರಲ್ಲಿ ಕೂತಿತ್ತು. ಮೂರು ದಿನದಿಂದ ಅಲ್ಲೇ ಇತ್ತು ಅನ್ಸುತ್ತೆ. ಬಾಟ್ಲಿ ಹಾಲು ಕುಡಿಸಿದ್ರೆ ಬದುಕ್ಕೊಳ್ಳುತ್ತೆ."

ಕೊಟ್ಟಿಗೆಯ ಕಡೆಯಿಂದ ಅವಳ ಗಂಡ ಡ್ವೇನ್ ಬಂದ. ಕರುವಿನ ತೊಡೆಯ ಮೇಲಿನ ಮನೆಗುರುತಿನ ಬರೆ ಸವರಿ ನೋಡಿದ. "ಇದರ ತಾಯೀನ ನಾನೇ ಶುಕ್ರವಾರ ಗುಂಡಿಕ್ಕಿ ಮಲಗಿಸ್ದೆ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಫೌಸ್ತಿನೊನ ಕೈಯಿಂದ ಹಗ್ಗ ಕಿತ್ತುಕೊಂಡು ಹೊರಟುಹೋದ. ಕೆಚ್ಚಲು, ಗೊರಸು ಬೆಂದುಹೋದ ಏಳು ಹಸುಗಳನ್ನು ಆವತ್ತು ಅವನು ಒಬ್ಬನೇ ಕೊಂದಿದ್ದ. ಅಂದಿನಿಂದ ಅವನ ಮಾತು ಹೀಗೇ ಆಗಿತ್ತು.

ಫೌಸ್ತಿನೊ ಹೋಗಲಿಲ್ಲ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಅಲ್ಲೇ ನಿಂತ. ಕಣಿವೆಯ ಕುರಿಮಂದೆಯ ಯಜಮಾನ ಎಲಿಸಾಲ್ದೆಯ ಕುರಿ ಕಾಯಲು ಪೆರುವಿನಿಂದ ಬಂದು ಆರು ವರ್ಷವಾದ ಗಟ್ಟಿಮುಟ್ಟಾದ ಆಳು. ಅವನ ಹಿಂದೆ, ಅಂಗಳದ ಆಚೆ ಗೇಟಿನ ಹತ್ತಿರ ಎಲಿಸಾಲ್ದೆಯ ಪಿಕಪ್ ಗಾಡಿ ಎಂಜಿನ್ ಆರಿಸದೆ ನಿಂತಿತ್ತು. ಗುರುವಾರದ ಬೆಂಕಿಗೆ ಕಾರಣ ಇವನೇ ಎಂದು ಫೌಸ್ತಿನೊನನ್ನು ಎಲ್ಕೊ ಊರಿನ ಬಸ್ಸು ಹತ್ತಿಸಿ, ಅಲ್ಲಿಂದ ಅವನ ದೇಶಕ್ಕೆ ಕಳಿಸಿಬಿಡುವುದೆಂದು ತೀರ್ಮಾನವಾಗಿತ್ತು. ಕರು ಒಪ್ಪಿಸಬೇಕು, ಐದು ನಿಮಿಷ ನಿಲ್ಲಿಸಿ ಎಂದು ಅವನೇ ಬೇಡಿಕೊಂಡಿದ್ದ.

"ನಿಮ್ಮ ಹತ್ರ ತಪ್ಪಾಯ್ತು ಅನ್ನೋಕೆ ಬಂದೆ ಅಮ್ಮಾ. ಬುಧವಾರ ಕುರಿ ಹೊಡ್ಕೊಂಡು ಗುಡ್ಡದ ಬುಡಕ್ಕೆ ಬಂದೆ. ಗುರುವಾರ ಬೆಳಿಗ್ಗೆ ನನ್ ಬಂಡಿ ಒಲೆ ಬೂದಿ ತೆಗೆದು ಹೊರಗೆ ಸುರಿದೆ. ನೀರು ಹಾಕಿದ್ದೆ. ಕೈಯಿಟ್ಟು ನೋಡಿದ್ದೆ." ಅವನು ತನ್ನ ಅಂಗೈಯನ್ನು ತಾನೇ ನೋಡಿಕೊಂಡ. "ಹಾಕಿದ್ದೆ ಅಂತ್ಲೇ ಅನ್ಸುತ್ತೆ. ಈಗ ಎಲ್ರೂ ಕೇಳಿ ಕೇಳಿ, ಹಾಕಿದ್ನೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ."

ಅವನು ನೀರು ಹಾಕಿದ್ದನೋ ಇಲ್ಲವೋ ವರ್ನಾಳಿಗೆ ಗೊತ್ತಿರಲಿಲ್ಲ. ಆದರೆ ಅದು ಲೆಕ್ಕಕ್ಕಿಲ್ಲ ಎಂಬುದು ಈ ಕಣಿವೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

ನೆವಾಡದ ಈ ಮೂಲೆಯಲ್ಲಿ ಬೇಸಿಗೆಯ ಗುಡುಗು ಮಳೆ ತರುವುದು ಅಪರೂಪ. ಹನಿ ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗುತ್ತದೆ, ಸಿಡಿಲು ಮಾತ್ರ ತಪ್ಪದೆ ನೆಲಕ್ಕೆ ಬರುತ್ತದೆ. ಸರ್ಕಾರದ ಬೆಂಕಿ ಗಾಡಿಗಳು ಬರಬೇಕಾದರೆ ಎರಡು ಗಂಟೆ. ಹಾಗಾಗಿ ಬೆಂಕಿ ಕಾಯಲು ನಾವು ಕಣಿವೆಯವರೇ ಕಟ್ಟಿಕೊಂಡ ಸಂಘದಲ್ಲಿ ಮನೆಗೊಂದು ಗುಡ್ಡ. ಸಿಡಿಲು ಬಿದ್ದ ಸಂಜೆ ಪ್ರತಿ ಮನೆಯವರೂ ತಮ್ಮ ಪಾಲಿನ ಗುಡ್ಡವನ್ನು ಸರಿಯಾಗಿ ಒಂದು ಗಂಟೆ ನೋಡಬೇಕು, ನೋಡಿ ರೇಡಿಯೊದಲ್ಲಿ "ನಮ್ಮ ಗುಡ್ಡ ತಣ್ಣಗಿದೆ" ಎನ್ನಬೇಕು. ಮುಂದಿನ ಎರಡು ದಿನವೂ ಬೆಳಿಗ್ಗೆ ಸಂಜೆ ಹಾಗೇ. ವರ್ನಾಳ ಪಾಲಿಗೆ ಬಂದದ್ದು ಅಡುಗೆಮನೆಯ ಕಿಟಕಿಗೆ ನೇರವಾಗಿ ಕಾಣುವ ಬೋಳು ಗುಡ್ಡ. ಅದರ ಹೆಗಲ ಮೇಲೆ ಒಂದೇ ಒಂದು ಜುನಿಪರ್ ಮರವಿತ್ತು.

ಹೋದ ವರ್ಷ ಜುಲೈನಲ್ಲಿ ನಿಜವಾಗಿ ಮಳೆ ಬಂದ ಒಂದು ಸಂಜೆ, ಆ ಗುಡ್ಡದ ಕೊರಕಲಿನಿಂದ ಬಿಳಿ ಎಳೆಗಳು ಏಳುವುದನ್ನು ಕಂಡು ವರ್ನಾ ರೇಡಿಯೊದಲ್ಲಿ ಕಿರುಚಿದಳು. ಹದಿನಾಲ್ಕು ಜನ ಹುಲ್ಲು ಕೊಯ್ಯುವುದನ್ನು ಬಿಟ್ಟು, ಒಬ್ಬ ಮಗಳ ಹುಟ್ಟುಹಬ್ಬದ ಊಟವನ್ನೇ ಬಿಟ್ಟು, ನೀರಿನ ಟ್ಯಾಂಕು ಹೇರಿಕೊಂಡು ಮೂವತ್ತು ಕಿಲೋಮೀಟರು ಓಡಿಬಂದರು. ಬಂದು ನೋಡಿದರೆ ಮಂಜು. ಬಿಸಿ ನೆಲಕ್ಕೆ ಮಳೆ ಬಿದ್ದು ಎದ್ದ ಹಬೆ. ಆಮೇಲೆ ಸಂಘದ ವರ್ಷದ ಊಟದಲ್ಲಿ ಸಂಘದ ಮುಖ್ಯಸ್ಥ ಹಾರ್ಲನ್ ಎದ್ದು ನಿಂತು, ಭಾಷಣ ಮಾಡಿ, ಅವಳಿಗೆ ಒಂದು ಹಳೇ ಟೀ ಕೆಟಲನ್ನು ಬಹುಮಾನವಾಗಿ ಕೊಟ್ಟ. "ಇದರಿಂದ ಹೊಗೆ ಬಂದ್ರೂ ಕೂಗಮ್ಮಾ, ಓಡಿ ಬರ್ತೀವಿ!" ಎಂದ. ಅವಳೂ ನಗಬೇಕಾಯಿತು. ಅಂದಿನಿಂದ ಅವಳು ಅಂಗಡಿಗೆ ಹೋದರೆ ಹಬೆ ವರ್ನಾ, ಚರ್ಚಿಗೆ ಹೋದರೆ ಹಬೆ ವರ್ನಾ. ಕರೆದವರಲ್ಲಿ ನಾವೆಲ್ಲರೂ ಇದ್ದೆವು. ನಾವಲ್ಲ ಎಂದು ಈಗ ಹೇಳಿ ಪ್ರಯೋಜನವಿಲ್ಲ.

ಈ ಸೋಮವಾರದ ಸಂಜೆ ಗುಡುಗಿದಾಗಲೂ ನಾಲ್ಕು ಹನಿ ಬಿದ್ದಿತ್ತು. ವರ್ನಾ ಕಿಟಕಿಯಲ್ಲಿ ನಿಂತಿದ್ದಳು. ಜುನಿಪರ್ ಮರದ ಪಕ್ಕದಲ್ಲಿ ಒಂದು ಎಳೆ, ತೀರ ತೆಳ್ಳಗಿನದು, ನೆಟ್ಟಗೆ ಎದ್ದಿತ್ತು. ಅವಳು ರೇಡಿಯೊ ಎತ್ತಿಕೊಂಡಳು. ಗುಂಡಿ ಒತ್ತುವ ಮೊದಲು ಕೆಟಲ್ ಭಾಷಣವೂ ಆ ನಗುವೂ ನೆನಪಾದವು. ಮಂಜಿರಬೇಕು, ಎಂದುಕೊಂಡಳು. ಮಂಜು ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ, ಅಲೆದಾಡುತ್ತದೆ ಎಂದು ಹೋದ ವರ್ಷವೇ ಕಲಿತಿದ್ದಳು. ಆದರೂ ಮಂಜಿರಬೇಕು ಎಂದುಕೊಂಡಳು. ಗುಂಡಿ ಒತ್ತಿ, "ಬೋಳು ಗುಡ್ಡ ತಣ್ಣಗಿದೆ," ಎಂದಳು. ಆ ಕಡೆಯಿಂದ ಹಾರ್ಲನ್ "ಭಲೇ ವರ್ನಾ!" ಎಂದ. ಅವಳಿಗೆ ಖುಷಿಯೂ ಆಯಿತು.

ಮಂಗಳವಾರ ಎಳೆ ಇರಲಿಲ್ಲ. ಇದ್ದರೂ ಕಾಣುತ್ತಿರಲಿಲ್ಲ, ಏಕೆಂದರೆ ಅವಳು ಸರಿಯಾಗಿ ನೋಡಲೇ ಇಲ್ಲ. ತಣ್ಣಗಿದೆ ಎಂದಳು. ಬುಧವಾರವೂ ಅಂದಳು. ಗುರುವಾರ ಮಧ್ಯಾಹ್ನ ಗಾಳಿ ಎದ್ದಿತು. ಮರದ ಬುಡದಲ್ಲಿ ಮೂರು ದಿನ ಮಲಗಿದ್ದ ಕೆಂಡ ಒಣಹುಲ್ಲಿಗೆ ಇಳಿದು, ಒಂದೂವರೆ ಗಂಟೆಯಲ್ಲಿ ಗುಡ್ಡದ ಬುಡಕ್ಕೆ ಬಂತು. ಎಲಿಸಾಲ್ದೆಯ ತೊಂಬತ್ತು ಕುರಿ, ಫೌಸ್ತಿನೊ ವಾಸವಿದ್ದ ಬಂಡಿ ಮತ್ತು ಒಂದು ನಾಯಿ, ಡ್ವೇನನ ಹಸುಗಳು, ಚಳಿಗಾಲಕ್ಕೆಂದು ಉಳಿಸಿದ್ದ ಮೇವಿನ ನೆಲ, ಎಲ್ಲ ಹೋಯಿತು.

ಸರ್ಕಾರದ ತನಿಖೆಯವರು ಬೇರೆ ದೊಡ್ಡ ಬೆಂಕಿಗಳ ಹಿಂದೆ ಹೋಗಿದ್ದರು. ಅವರಿಗಾಗಿ ಕಾಯುವ ತಾಳ್ಮೆ ಯಾರಿಗಿತ್ತು? ಹಾರ್ಲನ್ ಸಂಘದ ಶೆಡ್ಡಿನಲ್ಲಿ ಎಲ್ಲರೆದುರು ಹೇಳಿದ್ದ: "ಸಿಡಿಲು ಬಿದ್ದಿದ್ದು ಸೋಮವಾರ. ವರ್ನಾ ಮೂರು ದಿನ ಕಣ್ಣಿಟ್ಟು ನೋಡಿದಾಳೆ, ಮೂರೂ ದಿನ ತಣ್ಣಗಿದೆ ಅಂದಿದಾಳೆ. ಹೋದ ಸಲ ಹಬೇನೂ ಬಿಡ್ದೆ ಕರೆದೋಳು ಇವಳು! ಅಂದ್ಮೇಲೆ ಆ ಕುರಿಯೋನ ಒಲೆ ಅಲ್ದೆ ಇನ್ನೇನು?" ಆವತ್ತು ಮೊದಲ ಸಲ ಎಲ್ಲರೂ ವರ್ನಾಳ ಮಾತಿಗೆ ತಲೆದೂಗಿದರು. ಅವಳು ಕೈಯಲ್ಲಿದ್ದ ಕಾಫಿ ಲೋಟದೊಳಗೆ ನೋಡುತ್ತ ಕೂತಿದ್ದಳು.

"ಹೋಗ್ಬರ್ತೀನಿ ಅಮ್ಮಾ," ಎಂದ ಫೌಸ್ತಿನೊ. "ನಿಮ್ಮ ಯಜಮಾನ್ರಿಗೂ ಹೇಳಿ. ನನ್ ಮುಖ ನೋಡೋಕೆ ಅವ್ರಿಗೆ ಇಷ್ಟ ಇಲ್ಲ."

"ನೀನಲ್ಲ," ಎಂದಳು ವರ್ನಾ.

ಅವನಿಗೆ ಅರ್ಥವಾಗಲಿಲ್ಲ.

"ಬೆಂಕಿ ಹಚ್ಚಿದ್ದು ನೀನಲ್ಲ. ನಿನ್ ಬೂದಿ ಅಲ್ಲ. ಸೋಮವಾರಾನೇ ಆ ಮರದ ಹತ್ರ ಹೊಗೆ ಇತ್ತು. ನಾನು ನೋಡ್ದೆ." ಅವಳಿಗೆ ತನ್ನ ದನಿ ಪಕ್ಕದ ಕೋಣೆಯಿಂದ ಕೇಳಿದಂತಾಯಿತು. "ನೋಡಿ, ಇಲ್ಲ ಅಂದೆ."

ಅವನು ಬೆರಳು ಮಡಿಸಿ ತನ್ನ ಭಾಷೆಯಲ್ಲಿ ವಾರದ ದಿನಗಳನ್ನು ಎಣಿಸಿದ. ಸೋಮವಾರ ಅವನು ಕಣಿವೆಯ ಆ ಕೊನೆಯಲ್ಲಿದ್ದ, ಹತ್ತು ಮೈಲಿ ದೂರ. ಎಣಿಸಿ ಮುಗಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟ, ಮೊಣಕಾಲಿನ ಮೇಲೆ ಟೋಪಿ ಇಟ್ಟುಕೊಂಡು.

"ನನ್ ಹೆಂಡ್ತಿಗೆ ಫೋನ್ ಮಾಡಿ ಹೇಳ್ಬಿಟ್ಟಿದೀನಿ," ಎಂದ. "ನಾನೇ ಮಾಡಿದ್ದು ಅಂತ. ತೊಂಬತ್ತು ಕುರಿ ಸುಟ್ಟೆ ಅಂತ. ಅವ್ಳು ಅತ್ಳು."

"ಕ್ಷಮಿಸು ಫೌಸ್ತಿನೊ."

ಅವನು ತಲೆಯೆತ್ತಿ ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನಂಗೆ ಹೇಳಿ ಏನು ಬಂತು ಅಮ್ಮಾ?" ಎಂದ ಮೆಲ್ಲಗೆ. "ಬಾಗಿಲ ಹತ್ರ ನಿಂತು ನಂಗೆ ಹೇಳಿದ್ರೆ ನಾನು ಬಸ್ ಹತ್ತೋದು ತಪ್ಪುತ್ತಾ? ಅವ್ರಿಗೆ ಹೇಳಿ."

ಗೇಟಿನಲ್ಲಿ ಪಿಕಪ್ಪಿನ ಹಾರನ್ ಒಂದು ಸಲ ಕೂಗಿತು.

ವರ್ನಾ ಅಂಗಳಕ್ಕೆ ಇಳಿದಳು. ಗೇಟಿಗೆ ನೂರು ಹೆಜ್ಜೆಯೂ ಇಲ್ಲ. ನಾಳೆ ಹೇಳಿದರಾಯಿತು, ಕಾಗದದಲ್ಲಿ ಬರೆದರಾಯಿತು, ತನಿಖೆಯವರು ಬಂದಾಗ ತಾನಾಗಿ ಗೊತ್ತಾದೀತು ಎಂದು ಅವಳ ಮನಸ್ಸು ಹೆಜ್ಜೆಗೊಂದು ದಾರಿ ತೋರಿಸುತ್ತ ಬಂತು. ಹಿಂದೆ ಫೌಸ್ತಿನೊನ ಬೂಟಿನ ಸದ್ದು ಬರುತ್ತಿರದಿದ್ದರೆ ಅವಳು ಅರ್ಧದಲ್ಲೇ ತಿರುಗುತ್ತಿದ್ದಳು.

ಗಾಡಿಯೊಳಗೆ ಇಬ್ಬರಿದ್ದರು, ಎಲಿಸಾಲ್ದೆ ಮತ್ತು ಹಾರ್ಲನ್. ಗಾಜು ಇಳಿಯಿತು.

"ಏನಮ್ಮಾ," ಎಂದ ಹಾರ್ಲನ್, ಮೂರು ದಿನ ನಿದ್ದೆಯಿಲ್ಲದ ಮುಖದಲ್ಲೂ ಒಂದು ನಗು ತಂದುಕೊಂಡು, "ಕರು ಕೊಟ್ಟು ಕ್ಷಮೆ ಗಿಟ್ಟಿಸ್ಕೊಂಡ್ನಾ ನಮ್ಮೋನು?"

"ಅವನಲ್ಲ ಹಾರ್ಲನ್. ಸಿಡಿಲೇ. ಸೋಮವಾರ ಸಂಜೆ ಹೊಗೆ ನೋಡಿದ್ದೆ ನಾನು. ಮರದ ಬುಡದಲ್ಲಿ."

"ಸೋಮವಾರ ನೀನು ತಣ್ಣಗಿದೆ ಅಂದೆ."

"ಅಂದೆ."

"ರೇಡಿಯೊದಲ್ಲಿ. ನಾನೇ ಕೇಳಿದೀನಿ."

"ಸುಳ್ಳು ಹೇಳ್ದೆ."

ಎಲಿಸಾಲ್ದೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ನೇರ ಮುಂದೆ ನೋಡುತ್ತಿದ್ದ. ಹಾರ್ಲನ್ ಗಾಡಿಯ ಬಾಗಿಲು ತೆರೆದ, ಇಳಿಯಲಿಲ್ಲ, ಒಂದು ಕಾಲು ಹೊರಗೆ ಇಟ್ಟು ಹಾಗೇ ಕೂತ. "ನೋಡಿದ್ಮೇಲೆ ಯಾಕೆ ಹೇಳ್ಲಿಲ್ಲ? ಹತ್ತು ನಿಮಿಷದ ಕೆಲ್ಸ ವರ್ನಾ! ಎರಡು ಬಕೀಟು ನೀರು! ಯಾಕೆ?"

"ನಗ್ತೀರಿ ಅಂತ."

ಹಾರ್ಲನನ ಕತ್ತಿನಿಂದ ಕೆಂಪು ಏರುತ್ತ ಏರುತ್ತ ಕಿವಿಯವರೆಗೆ ಬಂತು. ಅವನು ಅವಳನ್ನು ಬಿಟ್ಟು ಗೇಟಿನ ಚಿಲಕವನ್ನು ನೋಡತೊಡಗಿದ.

ಅಷ್ಟರಲ್ಲಿ ಕೊಟ್ಟಿಗೆಯಿಂದ ಡ್ವೇನ್ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕೈಯಲ್ಲಿ ಹಾಲಿನ ಬಾಟಲಿ ಇತ್ತು. "ಸೋಮವಾರಾನೇ?" ಎಂದು ಮಾತ್ರ ಕೇಳಿದ. ವರ್ನಾ ಹೌದೆಂದು ತಲೆಯಾಡಿಸಿದಳು. ಮೂವತ್ತೆಂಟು ವರ್ಷ ಒಂದೇ ಮೇಜಿನಲ್ಲಿ ಉಂಡ ಮನುಷ್ಯ ಅವಳನ್ನು ಯಾರೋ ಹೊಸಬಳನ್ನು ನೋಡುವಂತೆ ನೋಡಿ, ಕರುವಿನ ಕಡೆಗೆ ವಾಪಸ್ಸು ನಡೆದ. ಅವಳಿಗೆ ಮಣ್ಣಿನೊಳಗೆ ಹೋಗಿಬಿಡಬೇಕು ಎನಿಸಿತು. ಕೂಗಿ ಕರೆಯಬೇಕು ಎಂದೂ ಎನಿಸಿತು. ಕರೆಯುವ ಮುಖ ಉಳಿದಿರಲಿಲ್ಲ.

ಎಲಿಸಾಲ್ದೆ ಎಂಜಿನ್ ಆರಿಸಿದ. ಸುತ್ತಲಿನ ಸದ್ದೆಲ್ಲ ಒಮ್ಮೆಗೇ ನಿಂತಂತಾಯಿತು.

ಫೌಸ್ತಿನೊ ಅಪ್ಪಣೆಗೆ ಕಾಯಲಿಲ್ಲ. ಗಾಡಿಯ ಹಿಂಭಾಗಕ್ಕೆ ಹೋಗಿ, ಒಂದು ಕಾಲನ್ನು ಗಾಲಿಯ ಮೇಲಿಟ್ಟು ಬಗ್ಗಿ, ತನ್ನ ಬಟ್ಟೆಯ ಗಂಟನ್ನು ಎಳೆದು ಇಳಿಸಿಕೊಂಡ. ಯಾರೋ ಪುಣ್ಯಾತ್ಮರು ಕೊಟ್ಟ ಬಿಳಿ ದಿಂಬಿನ ಚೀಲದಲ್ಲಿ ಕಟ್ಟಿದ ಗಂಟು. ಅದನ್ನು ನೆಲಕ್ಕೆ ಇಡಲು ಬಗ್ಗಿದವನು, ಕೆಳಗೆ ನೋಡಿ, ಗೇಟಿನ ಈಚೆ ಒಮ್ಮೆ ಆಚೆ ಒಮ್ಮೆ ನೋಡಿ, ಎಲ್ಲ ಕಡೆ ಗಾಳಿ ತಂದು ಸುರಿದ ಬೂದಿಯೇ ಇದ್ದುದರಿಂದ, ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತ.