ಹೊಟ್ಟು ಕೊಡವುವ ಕೈ

ಚುನಾವಣೆಯ ದಿನ ಬೆಳಿಗ್ಗೆ ರಾಜಧಾನಿ ಬೆರ್ನ್‌ನ ಹೋಟೆಲ್ ಕೋಣೆಯಲ್ಲಿ ನನ್ನ ಗಂಡ ಆಲೋಯಿಸ್ ನನ್ನ ಪಕ್ಕೆಗೆ ಗುದ್ದಿದ. ಕಾರಣ, ನಾನು ತೆಗೆದಿಟ್ಟ ಟೈ ಕೆಂಪಗಿತ್ತು. ಕೆಂಪು ಎದುರು ಪಕ್ಷದವರ ಬಣ್ಣವಂತೆ. ಗೋಡೆಯ ಬುಡದಲ್ಲಿ ಕುಸಿದು ಉಸಿರಿಗೆ ಒದ್ದಾಡುತ್ತಿದ್ದ ನನ್ನನ್ನು ಅವನೇ ಎತ್ತಿ ನಿಲ್ಲಿಸಿದ. ಮೊದಲು ಎರಡೂ ಭುಜ, ಆಮೇಲೆ ಬೆನ್ನು, ಅಂಗೈಯಿಂದ ಪಟಪಟನೆ ಕೊಡವಿದ.

ನಮ್ಮ ಕಣಿವೆಯ ಕುಸ್ತಿಯಲ್ಲಿ ಹೀಗೆಯೇ. ಮರದ ಹೊಟ್ಟು ಹರಡಿದ ಕಣದಲ್ಲಿ ಗೆದ್ದವನು ಸೋತವನನ್ನು ಕೈಹಿಡಿದು ಎತ್ತಿ, ಅವನ ಬೆನ್ನಿಗೆ ಮೆತ್ತಿದ ಹೊಟ್ಟನ್ನು ಕೊಡವಬೇಕು. ನೋಡಿದವರ ಕಣ್ಣು ತುಂಬಿ ಬರುತ್ತದೆ. ಆಲೋಯಿಸ್ ಆ ಮರ್ಯಾದೆಯನ್ನು ಮನೆಯೊಳಗೂ ತಪ್ಪದೆ ಪಾಲಿಸಿದ. ನಮ್ಮ ಮನೆಯಲ್ಲಿ ಹೊಟ್ಟು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಅಣ್ಣ ಮೈನ್ರಾಡ್‌ಗೆ ಇದೊಂದೂ ಗೊತ್ತಿರಲಿಲ್ಲ. ಅವರಿಬ್ಬರೂ ಒಂದೇ ಕಣದಲ್ಲಿ ಬಿದ್ದು ಎದ್ದು ಬೆಳೆದವರು, ಈಗ ಒಂದೇ ಪಕ್ಷದ ಸಂಸದರು. ಸರ್ಕಾರದ ಏಳು ಮಂತ್ರಿ ಕುರ್ಚಿಗಳನ್ನು ದೊಡ್ಡ ಪಕ್ಷಗಳೆಲ್ಲ ಹಂಚಿಕೊಂಡು ಕೂರುತ್ತವೆ. ನಮ್ಮ ಪಕ್ಷದ ಪಾಲಿನ ಒಂದು ಕುರ್ಚಿ ಖಾಲಿಯಾಗಿ, ಪಕ್ಷ ಆಲೋಯಿಸನ ಹೆಸರು ಮುಂದಿಟ್ಟಿತು. ಆದರೆ ಆರಿಸುವುದು ಇಡೀ ಸಂಸತ್ತು, ಅದೂ ಗುಟ್ಟಿನ ಚೀಟಿಯಲ್ಲಿ. ಬೇರೆ ಪಕ್ಷದವರು ಸೇರಿಕೊಂಡು ನಮ್ಮವನೇ ಇನ್ನೊಬ್ಬನ ಹೆಸರು ಬರೆದು ಗೆಲ್ಲಿಸಿಬಿಡಬಹುದು. ಅಂಥ ಗೆಲುವನ್ನು ಒಪ್ಪಿಕೊಂಡವನನ್ನು ನಮ್ಮ ಪಕ್ಷ ಹೊರಗೆ ದಬ್ಬುತ್ತದೆ.

ಅದಕ್ಕೇ ಅಣ್ಣ ನಮ್ಮ ಅಡುಗೆಮನೆಯಲ್ಲಿ ಆಲೋಯಿಸನ ಕೈ ಹಿಡಿದು, "ನನ್ನ ಹೆಸರು ಬಂದ್ರೂ ಬೇಡ ಅಂತೀನಿ ಕಣೋ, ಆಣೆಗೂ" ಅಂದಿದ್ದ. ನಾನು ಚೀಸ್ ಕೊಯ್ಯುತ್ತಾ ಕೇಳಿಸಿಕೊಂಡೆ. ಈಗಲೇ ಊರಿಗೆ ಊರೇ ಆಲೋಯಿಸನನ್ನು ತಲೆಯ ಮೇಲೆ ಹೊತ್ತಿತ್ತು. ಅವನು ಮಂತ್ರಿಯಾದರೆ ನನ್ನ ಮಾತನ್ನು ಯಾರು ನಂಬುತ್ತಾರೆ?

ಆ ದಿನ ಸಂಸತ್ತಿನಲ್ಲಿ ಮೊದಲ ಸುತ್ತಿನ ಎಣಿಕೆಯಾಯಿತು. ಆಲೋಯಿಸ್ ಮುಂದಿದ್ದ, ಆದರೆ ಅರ್ಧ ದಾಟಿರಲಿಲ್ಲ. ಅವನ ಬೆನ್ನಿಗೇ ಮೈನ್ರಾಡ್‌ನ ಹೆಸರು ಬಂತು. ನಾನು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆ. ಆಲೋಯಿಸನ ಕತ್ತು ಕೆಂಪಗಾಗುವುದು ಅಲ್ಲಿಂದಲೇ ಕಾಣಿಸಿತು. ಆ ಕೆಂಪು ನನಗೆ ಚೆನ್ನಾಗಿ ಗೊತ್ತು.

ಹಸಿರು ಕೋಟಿನ ಜವಾನರು ಎರಡನೇ ಸುತ್ತಿನ ಚೀಟಿಗಳನ್ನು ಎಣಿಕೆಗೆ ಹೊತ್ತುಕೊಂಡು ಹೋದರು. ಸದಸ್ಯರು ಹೊರಗಿನ ಹಜಾರಕ್ಕೆ ಬಂದರು. ನಾನೂ ಮೆಟ್ಟಿಲಿಳಿದು ಓಡಿದೆ.

"ಬೆನ್ನಿಗೆ ಚೂರಿ ಹಾಕಿದ್ಯಲ್ಲೋ ಭಾವ!" ಆಲೋಯಿಸ್ ಅಣ್ಣನ ಎದೆಗೆ ಎದೆ ಕೊಟ್ಟು ನಿಂತಿದ್ದ.

"ದೇವರಾಣೆ ನಂಗೇನೂ ಗೊತ್ತಿಲ್ಲ. ನಾನು ನಿನ್ನ ಹೆಸರೇ ಬರೆದಿದ್ದು. ಗೆದ್ರೂ ಬೇಡ ಅಂತೀನಿ, ಆಯ್ತಾ?"

"ಓಹೋ, ಪಾಪ! ಬೆರಳಿಟ್ರೆ ಕಚ್ಚೋಕೂ ಬರಲ್ಲ ನಿಂಗೆ!"

ಅಷ್ಟಂದವನೇ ಅಣ್ಣನ ಬೆಲ್ಟಿಗೆ ಕೈ ಹಾಕಿ, ಸೊಂಟದ ಮೇಲೆ ಎತ್ತಿ, ಕಲ್ಲಿನ ನೆಲಕ್ಕೆ ಬಡಿದ. ಅಲ್ಲಿ ಹೊಟ್ಟು ಹಾಸಿರಲಿಲ್ಲ. ಭುಜದ ಮೂಳೆ ಲಟಕ್ಕೆಂದಿದ್ದು ಎಲ್ಲರಿಗೂ ಕೇಳಿಸಿತು. ಅವನು ಅಣ್ಣನ ಎದೆಯ ಮೇಲೆ ಮಂಡಿಯೂರಿ ಮುಖಕ್ಕೆ ಗುದ್ದಿದ, ತುಟಿ ಸೀಳಿತು, ಮತ್ತೆ ಗುದ್ದಿದ. ದೇಶ ಆಳುವವರು ಕಾಫಿ ಲೋಟ ಹಿಡಿದು ಕಂಬಗಳ ಹಾಗೆ ನಿಂತಿದ್ದರು. ನಾನು ಹೋಗಿ ಅವನ ತೋಳಿಗೆ ಜೋತುಬಿದ್ದೆ. ಮೊಣಕೈ ಹಿಂದಕ್ಕೆ ಬಂದು ನನ್ನ ಬಾಯಿಗೆ ಬಡಿಯಿತು. ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು, ನಾನು ನೆಲಕ್ಕೆ ಬಿದ್ದೆ.

ಆಗ ಆಲೋಯಿಸ್ ಎದ್ದ. ಅಣ್ಣನನ್ನು ಬಾಯಿಗೆ ಬಂದಂತೆ ಬೈಯುತ್ತಲೇ, ನನ್ನ ಕಡೆ ತಿರುಗಿಯೂ ನೋಡದೆ, ನನ್ನನ್ನು ಎತ್ತಿ ನಿಲ್ಲಿಸಿದ. ಎರಡೂ ಭುಜ ಕೊಡವಿದ. ಆಮೇಲೆ ಬೆನ್ನು.

ಬಿದ್ದಲ್ಲಿಂದಲೇ ಅಣ್ಣ ಅದನ್ನು ನೋಡಿದ. ಕುಸ್ತಿಯಾಡಿದವನು ಅವನು, ಆ ಕೈ ನನ್ನ ಮೇಲೆ ಪಳಗಿದ್ದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಜವಾನರು ಆಲೋಯಿಸನನ್ನು ಆಚೆಗೆ ಎಳೆದ ಮೇಲೆ ಅಣ್ಣ ತೆವಳಿ ನನ್ನ ಹತ್ತಿರ ಬಂದ.

"ಪಿಯಾ, ಯಾವಾಗಿಂದ ಇದು?"

ರಕ್ತ ಉಗುಳಿ ಹೇಳಿದೆ. "ಮದುವೆ ಆದಾಗಿಂದ ಅಣ್ಣಾ."

ಫಲಿತಾಂಶಕ್ಕೆ ಕರೆಯುವ ಗಂಟೆ ಬಡಿಯಿತು. ಇಬ್ಬರೂ ಒಳಗೆ ಹೋದರು, ಆಲೋಯಿಸ್ ಕಾಲರ್ ಸರಿಮಾಡಿಕೊಂಡು, ಅಣ್ಣ ಒಂದು ತೋಳು ಜೋಲಿಸಿಕೊಂಡು. ಏನಾಯಿತೆಂದು ಯಾರೋ ಕೇಳಿದ್ದಕ್ಕೆ ಇನ್ಯಾರೋ "ಕಾಲು ಜಾರಿತು" ಅಂದರು. ಥೂ, ಅವರ ಬಾಯಿಗೆ! ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಹಜಾರದ ಬಾಗಿಲಲ್ಲಿದ್ದ ಕುರ್ಚಿಯಲ್ಲಿ ಕೂತೆ.

ಸಭಾಧ್ಯಕ್ಷೆ ಓದಿದ್ದು ಮೈನ್ರಾಡ್‌ನ ಹೆಸರು. ಅವನು ಮೈಕಿನ ಮುಂದೆ ಹೋಗಿ ನಿಂತ. ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಪಕ್ಷದ ಮುಖಂಡ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದ.

"ಆಯ್ಕೆಯನ್ನ ಒಪ್ಕೊಳ್ತೀರಾ?" ಸಭಾಧ್ಯಕ್ಷೆ ಕೇಳಿದರು.

"ಬೇಡ ಅಂತ ಒಬ್ಬನಿಗೆ ಮಾತು ಕೊಟ್ಟಿದ್ದೆ," ಅಂದ ಅಣ್ಣ. "ಆ ಮಾತು ಮುರೀತಿದೀನಿ. ಒಪ್ಕೊಂಡೆ."

"ದ್ರೋಹಿ!" ಎಂಬ ಕೂಗು ನಮ್ಮ ಪಕ್ಷದ ಸಾಲಿನಿಂದಲೇ ಬಂತು. ಉಳಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಲೋಯಿಸ್ ತನ್ನ ಮೇಜನ್ನು ಒದ್ದು, ಅಡ್ಡ ಬಂದವರನ್ನು ನೂಕಿ, ನೇರ ನನ್ನ ಬಳಿಗೆ ಬಂದ.

"ಎಲ್ಲಾ ನಿನ್ನಿಂದ ಕಣೇ!"

ಕೆನ್ನೆಗೆ ಬಿದ್ದ ಏಟಿಗೆ ಕುರ್ಚಿಯೂ ನಾನೂ ಉರುಳಿದೆವು. ಈ ಸಲ ಜವಾನರು ತಡಮಾಡಲಿಲ್ಲ. ಅವನ ಎರಡೂ ತೋಳುಗಳನ್ನು ಹಿಂದಕ್ಕೆ ತಿರುಚಿ, ಅದೇ ಕಲ್ಲಿನ ಮೇಲೆ ಮಂಡಿಯೂರಿಸಿದರು.

ನಾನು ಒಬ್ಬಳೇ ಎದ್ದೆ. ಯಾರ ಕೈಯೂ ಬೇಕಾಗಲಿಲ್ಲ. ಅವನ ಹಿಂದೆ ಹೋಗಿ ನಿಂತು ಬಲಭುಜ ಕೊಡವಿದೆ. ಎಡಭುಜ ಕೊಡವಿದೆ. ಆಮೇಲೆ ಬೆನ್ನು, ನಿಧಾನವಾಗಿ, ಅಂಗೈ ಪೂರ್ತಿ ಊರಿ. ಅವನ ಬಿಳಿ ಅಂಗಿಯ ಮೇಲೆ ನನ್ನ ರಕ್ತದ ಗುರುತುಗಳು ಮೂಡಿದವು.

ನನ್ನ ಕೈ ತಗುಲಿದಾಗಲೆಲ್ಲ ಅವನು ಬೆಚ್ಚಿಬಿದ್ದ.