ಇವತ್ತಿನ ಮಾತ್ರೆ

ಎಣ್ಣೆ ಕಾದಿದೆ, ಮೊಟ್ಟೆ ತುಂಬಿದ ಜೋಳದ ರೊಟ್ಟಿ, ಅರೆಪಾ, ಬಿಟ್ಟರೆ ಚೊಯ್ಯೆನ್ನುತ್ತದೆ, ಆದರೆ ಆ ಸದ್ದಿನೊಳಗೆ ಇನ್ನೊಂದು ಸದ್ದು, ಎದೆಯದು, ಎರಡು ಹೊಡೆತ, ಆಮೇಲೆ ಏನೂ ಇಲ್ಲ, ಆಮೇಲೆ ಒಟ್ಟೊಟ್ಟಿಗೆ ಮೂರು, ಮೆಟ್ಟಿಲಲ್ಲಿ ಎಡವಿದವರ ಹಾಗೆ — ಮಾರುಕಟ್ಟೆಯ ತನ್ನ ಅಂಗಡಿಯಲ್ಲಿ ಎನೆಲ್ಡಾ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ ನಿಂತುಬಿಟ್ಟಳು, ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ. ನುಂಗಿದೆ, ಲೋಟದ ನೀರು ತಣ್ಣಗಿತ್ತು, ನಾಲಿಗೆಯ ಬುಡದಲ್ಲಿ ಕಹಿ ಉಳಿದಿತ್ತು, ಅಲ್ಲ, ಅದು ನಿನ್ನೆ, ನಿನ್ನೆ ಕರೆಂಟಿತ್ತು, ಫ್ರಿಜ್ಜಿನ ನೀರಿತ್ತು, ಇವತ್ತು ಕರೆಂಟಿಲ್ಲ, ಈ ಬರಾಂಕಿಯಾ ಊರಿನ ನೀರೆಲ್ಲ ಬಿಸಿ, ಹಾಗಾದರೆ ಇವತ್ತು ಕುಡಿದ ಬಿಸಿನೀರು ಯಾತಕ್ಕೆ, ಬರೀ ದಾಹಕ್ಕೋ, ಔಷಧಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡ ಮಾತ್ರೆಗಳು ಡಬ್ಬಿಯಲ್ಲಿ ಗಲಗಲ ಎನ್ನುತ್ತವೆ, ಎಲ್ಲ ಬಿಳಿ, ಒಂದೂ ಬಾಯಿ ಬಿಡುವುದಿಲ್ಲ. ಅಕ್ಕ ಡೋಲಿಸ್, ಚೆನ್ನಾಗೇ ಇದೀನಲ್ಲೇ, ಚೆನ್ನಾಗಿರೋಳಿಗೆ ಔಷಧಿ ಯಾಕೆ ಅಂತ ನಿಲ್ಲಿಸಿದಳು, ಬಟ್ಟೆ ಒಣಗಹಾಕುತ್ತ ಹಗ್ಗ ಹಿಡಿದುಕೊಂಡೇ ಕುಸಿದಳು, ಒದ್ದೆ ಲಂಗಗಳೆಲ್ಲ ಮೈಮೇಲೆ, ಮತ್ತೆ ಏಳಲಿಲ್ಲ. ಇನ್ನು ತಾನೇ ಮರೆತು ಎರಡು ನುಂಗಿದ ಆ ಭಾನುವಾರ, ಇಗರ್ಜಿಯ ಬೆಂಚಿನಿಂದ ಜಾರಿಬಿದ್ದಾಗ ನಾಡಿಯೇ ಸಿಗಲಿಲ್ಲವಂತೆ, ಡಾಕ್ಟರಮ್ಮ ಬೈದಿದ್ದರು, ಅನುಮಾನ ಬಂದ್ರೆ ಇನ್ನೊಂದು ನುಂಗ್ಬೇಡಿ ತಾಯಿ, ನೇರ ಇಲ್ಲಿಗೆ ಬನ್ನಿ, ಬನ್ನಿ ಅಂದರೆ, ಕಾದ ಎಣ್ಣೆಯನ್ನು ಯಾರ ತಲೆಗೆ ಕಟ್ಟಿ ಬರಲಿ.

ಏನೇ, ಮುಖ ಬೂದಿ ಆಗಿದೆ, ಅಂದಳು ಪಕ್ಕದಂಗಡಿಯ ಮೀನಿನವಳು ಒತಿಲಿಯಾ. ಬೆಳಿಗ್ಗೆ ನಾನು ಮಾತ್ರೆ ತಗೊಂಡಿದ್ದು ನೋಡಿದ್ಯಾ. ನಿನ್ನ ಗಂಡನ್ನೇ ಸರಿಯಾಗಿ ನೋಡಿಲ್ಲ, ಇನ್ನು ಮಾತ್ರೆ ನೋಡ್ಲಾ, ನಗುತ್ತಾಳೆ, ಎನೆಲ್ಡಾಳ ಕೈ ಮುಟ್ಟಿ ನಗು ನಿಲ್ಲಿಸುತ್ತಾಳೆ, ಕೂತ್ಕೋ, ಮೊದ್ಲು ಕೂತ್ಕೋ — ಕೂತರೆ ಎದೆ ಇನ್ನೂ ಜೋರು, ಕಟ್ಟು ಕಿತ್ತ ಕುದುರೆ, ಡೋಲಿಸಳ ಒದ್ದೆ ಲಂಗಗಳು ಮುಖಕ್ಕೇ ಬಡಿದಂತೆ, ಬೇಡ ದೇವರೇ, ಹಾಗೆ ಬೇಡ, ಡಬ್ಬಿ ತೆರೆದಳು, ನೀರೂ ಇಲ್ಲದೆ ಒಂದು ನುಂಗಿದಳು.

ಗಂಟೆ ಕಳೆದರೂ ಡಬ್ಬಿ ಕೈಯಲ್ಲೇ ಇತ್ತು, ಆಗ ಗಂಡ ಕ್ಲಿಮಾಕೋ ಬಂದ, ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆ. ಕೈಯಲ್ಲಿ ಡಬ್ಬಿ ಯಾಕೆ, ಅಂದ. ಮಾತ್ರೆ ನುಂಗಿದೆ. ಮತ್ತೆ ಯಾಕೇ, ಬೆಳಿಗ್ಗೆ ನಾನೇ ಕೊಟ್ನಲ್ಲೇ, ತಲೆ ಬಾಚ್ಕೋತಾ ಕಾಫಿ ಜೊತೆ ನುಂಗಿದ್ಯಲ್ಲೇ. ಹೌದು, ಬಾಚಣಿಗೆ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಪಿನ್ನು, ಅವನ ಅಂಗೈ, ಎಲ್ಲ ಈಗ ಬರುತ್ತದೆ, ಈಗ. ಗಂಟಲಿಗೆ ಬೆರಳು ಹಾಕಿದಳು, ಬಂದದ್ದು ಬರೀ ಹುಳಿನೀರು. ಮಂಜುಗಡ್ಡೆ ನೆಲಕ್ಕೆ ಬಿದ್ದು ಒಡೆಯಿತು, ಕ್ಲಿಮಾಕೋ ರಸ್ತೆಗೆ ಓಡಿದ, ಗಾಡಿ, ಯಾರಾದ್ರೂ ಗಾಡಿ ನಿಲ್ಸಿ, ಒತಿಲಿಯಾ ಮೀನಿನ ಕೈಯಲ್ಲೇ ತಬ್ಬಿದ್ದಾಳೆ, ಕಣ್ಣು ಮುಚ್ಬೇಡ ಕಣೇ, ನನ್ನ ಕಡೆ ನೋಡು, ಎದೆಯ ಕುದುರೆ ಈಗ ನಿಧಾನ ನಡೆಯುತ್ತಿದೆ, ಕಾಲು ತಣ್ಣಗೆ, ನೋಡಲು ಸಿಕ್ಕಿದ್ದು ಬೋಗುಣಿಯಲ್ಲಿನ ಬೊಕಾಚಿಕೋ ಮೀನು, ಜೀವ ಇನ್ನೂ ಇದೆ, ಕಿವಿರು ಎದ್ದಿತು, ಒಳಗೆ ಕೆಂಪು, ಮುಚ್ಚಿತು, ಗಾಡಿಯ ಹಾರ್ನ್ ಎಲ್ಲೋ, ಕಿವಿರು ಎದ್ದಿತು, ಕೆಂಪು, ಮುಚ್ಚಿತು, ಬಂತು ಕಣೇ ಗಾಡಿ, ಎದೆಯಲ್ಲಿ ಒಂದು ಹೊಡೆತ, ಇನ್ನೊಂದಕ್ಕೆ ಅವಳು ಕಾಯುತ್ತಾಳೆ, ಕಿವಿರು ಮುಚ್ಚಿದೆ, ಏಳು, ಮುಚ್ಚಿಯೇ ಇದೆ, ಏಳು ಮೀನೇ, ಕಿವಿರು —